ಮನೆಯ ಹಿರಿಯರು ಬೀಳದಂತೆ, ಮೂಳೆ ಮುರಿಯದಂತೆ: ಮಲೆನಾಡಿನ ಮನೆಗೊಂದು ಮಾರ್ಗದರ್ಶಿ

ಜುಲೈ ತಿಂಗಳು. ಮೂಡಿಗೆರೆ ಕಡೆ ಮಳೆ ಹಿಡಿದು ಒಂಬತ್ತನೇ ದಿನ. ಬೆಳಿಗ್ಗೆ ಆರೂವರೆಗೆ ಅವ್ವ ಕೊಟ್ಟಿಗೆಗೆ ಹೋಗೋಕೆ ಅಂಗಳಕ್ಕೆ ಇಳಿದಳು. ಪಾಚಿ ಕಟ್ಟಿದ ಜಾಗದಲ್ಲಿ ಹವಾಯಿ ಚಪ್ಪಲಿ ಜಾರಿತು. ಬಲಗೈ ಊರಿ ಬಿದ್ದಳು, ಮಣಿಕಟ್ಟು ಮುರಿಯಿತು. ಪೇಟೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆದರು, ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ ಬಿಚ್ಚಿ ಕಳಿಸಿದರು. ಮಳೆಗಾಲ, ಜಾರಿತು, ಅಷ್ಟೇ ಅಂದುಕೊಂಡು ನಾವೂ ಸುಮ್ಮನಾದೆವು. ಆಗ ಅವಳಿಗೆ 67.

ಎರಡು ವರ್ಷ ಕಳೆದ ಮೇಲೆ ಬಚ್ಚಲುಮನೆಯ ಹೊಸ್ತಿಲು ಎಡವಿ ಪಕ್ಕಕ್ಕೆ ಬಿದ್ದಳು. ಈ ಸಲ ಸೊಂಟ. ಆಪರೇಷನ್‌ಗೆ ಮುಂಚೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಇದಕ್ಕೂ ಮುಂಚೆ ಯಾವತ್ತಾದ್ರೂ ಮೂಳೆ ಮುರಿದಿತ್ತಾ?" ಮುರಿದಿತ್ತು. ಅವತ್ತು ಎಲ್ಲರೂ ಕೈ ನೋಡಿದೆವು, ಮೂಳೆ ಹೇಗಿದೆ ಅಂತ ಯಾರೂ ನೋಡಲಿಲ್ಲ.

ಆಮೇಲಿನ ಐದು ವರ್ಷದಲ್ಲಿ ಡಾಕ್ಟರ್, ಫಿಸಿಯೋಥೆರಪಿಸ್ಟ್, ಊರಿನ ಗಾರೆಯವನು ಇವರೆಲ್ಲರಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕಲಿತದ್ದರಲ್ಲಿ ಮುಖ್ಯವಾದದ್ದು ಒಂದೇ. ಹಿರಿಯರು ಎಲ್ಲೆಂದರಲ್ಲಿ ಬೀಳೋದಿಲ್ಲ. ಪ್ರತಿ ಮನೆಯಲ್ಲೂ ಬೀಳೋ ಜಾಗ ನಾಲ್ಕೈದು ಇರುತ್ತವೆ, ಬೀಳೋ ಹೊತ್ತು ಎರಡೋ ಮೂರೋ ಇರುತ್ತವೆ. ಅವನ್ನು ಹುಡುಕಿದರೆ ಅರ್ಧ ಕೆಲಸ ಮುಗಿಯಿತು.

ಹೆಜ್ಜೆ 1: ಮೂಳೆ ಎಷ್ಟು ಸವೆದಿದೆ ಅಂತ ತಿಳಿಯಿರಿ

ಮೂಳೆ ಟೊಳ್ಳಾಗುವ ಈ ಕಾಯಿಲೆಗೆ ಆಸ್ಟಿಯೊಪೊರೋಸಿಸ್ ಅಂತಾರೆ. ಇದು ನೋಯುವುದಿಲ್ಲ. ಮುರಿಯುವವರೆಗೆ ಗೊತ್ತೇ ಆಗುವುದಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಮೂಳೆ ಬೇಗ ಸವೆಯುತ್ತದೆ. ಗಂಡಸರಿಗೆ ಬರೋದಿಲ್ಲ ಅಂತಲ್ಲ, ತಡವಾಗಿ ಬರುತ್ತದೆ. ಸೊಂಟ, ಬೆನ್ನುಮೂಳೆ, ಮಣಿಕಟ್ಟು, ಈ ಮೂರು ಕಡೆ ಜಾಸ್ತಿ ಮುರಿಯುತ್ತದೆ.

ಈ ಗುರುತುಗಳಲ್ಲಿ ಒಂದು ಕಂಡರೂ ಡಾಕ್ಟರ್ ಹತ್ತಿರ ಮೂಳೆಯ ಮಾತು ಎತ್ತಿ:

- 50 ದಾಟಿದ ಮೇಲೆ ನಿಂತ ಎತ್ತರದಿಂದ ಬಿದ್ದು ಯಾವುದೇ ಮೂಳೆ ಮುರಿದಿದ್ದರೆ. ಮರದಿಂದ ಬಿದ್ದು ಮುರಿಯೋದು ಬೇರೆ, ಅಂಗಳದಲ್ಲಿ ಜಾರಿ ಮುರಿಯೋದು ಬೇರೆ.
- ಪ್ರಾಯದಲ್ಲಿ ಇದ್ದ ಎತ್ತರಕ್ಕಿಂತ 4 ಸೆಂಟಿಮೀಟರ್ ಕುಗ್ಗಿದ್ದರೆ, ಅಥವಾ ಬೆನ್ನು ಗೂನಾಗುತ್ತಿದ್ದರೆ. ಬೆನ್ನಿನ ಮೂಳೆ ಸದ್ದಿಲ್ಲದೆ ಕುಸಿದಿರಬಹುದು. ಸೀರೆ ನೆಲಕ್ಕೆ ತಾಗ್ತಿದೆ ಅಂತ ಅವ್ವ ಹೇಳುತ್ತಿದ್ದಳು. ನಾವು ಸೀರೆ ಉದ್ದ ಅಂದುಕೊಂಡಿದ್ದೆವು.
- ಅಪ್ಪ ಅಥವಾ ಅಮ್ಮನಿಗೆ ಸೊಂಟ ಮುರಿದಿದ್ದರೆ.
- ಉಬ್ಬಸಕ್ಕೋ ಕೀಲುವಾತಕ್ಕೋ ಮೂರು ತಿಂಗಳಿಗಿಂತ ಜಾಸ್ತಿ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ. ಮಂಡಿ ನೋವಿಗೆ ಯಾರೋ ಕೊಡುವ ಹೆಸರಿಲ್ಲದ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿರೋದುಂಟು.
- ಬೀಡಿ, ಹೆಂಡ ಜಾಸ್ತಿ ಇದ್ದರೆ. ಮೈ ತೀರಾ ಸಣ್ಣಗಿದ್ದರೆ.

ಡೆಕ್ಸಾ ಸ್ಕ್ಯಾನ್ ಅಂತ ಒಂದು ಪರೀಕ್ಷೆ ಇದೆ. ಮಲಗಿಸಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿಸುತ್ತಾರೆ, ಚುಚ್ಚೋದಿಲ್ಲ. ರಿಪೋರ್ಟಿನಲ್ಲಿ ಟಿ-ಸ್ಕೋರ್ ನೋಡಿ. ಮೈನಸ್ 1ರವರೆಗೆ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ಸವೆಯುತ್ತಿದೆ ಅಂತ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಕ್ಯಾಂಪುಗಳಲ್ಲಿ ಹಿಮ್ಮಡಿಗೆ ಯಂತ್ರ ಇಟ್ಟು ನೋಡುತ್ತಾರಲ್ಲ, ಅದು ಬೇರೆ. ಅದರಲ್ಲಿ ಕಮ್ಮಿ ಬಂದರೆ ಡೆಕ್ಸಾ ಮಾಡಿಸಿ, ಅದೊಂದನ್ನೇ ನಂಬಿ ಮಾತ್ರೆ ಶುರು ಮಾಡಬೇಡಿ.

ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೋ ಚಿಕ್ಕಮಗಳೂರಿಗೋ ಹೋಗುವಾಗ ಹಳೇ ಎಕ್ಸ್‌ರೇಗಳನ್ನೆಲ್ಲ ತಗೊಂಡು ಹೋಗಿ. ಅಟ್ಟದ ಮೇಲಿನ ಹಳದಿ ಕವರಿನಲ್ಲಿ ಇರುತ್ತವೆ, ಅಲ್ವಾ?

ಹೆಜ್ಜೆ 2: ಮನೆಯಲ್ಲೇ ಮಾಡುವ ಮೂರು ಪರೀಕ್ಷೆ

ಮೂರಕ್ಕೂ ಪಕ್ಕದಲ್ಲಿ ಒಬ್ಬರು ನಿಂತಿರಬೇಕು.

ಎದ್ದು ನಡೆಯುವ ಪರೀಕ್ಷೆ. ಕೈಯಿರುವ ಕುರ್ಚಿ ಇಡಿ. ಅಲ್ಲಿಂದ 3 ಮೀಟರ್ ದೂರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಏಳಬೇಕು, ಗೆರೆಯವರೆಗೆ ಮಾಮೂಲಿ ನಡಿಗೆಯಲ್ಲಿ ಹೋಗಿ, ತಿರುಗಿ ಬಂದು ಕೂರಬೇಕು. ಫೋನಿನಲ್ಲಿ ಸಮಯ ನೋಡಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ. ಸಮಯಕ್ಕಿಂತ ತಿರುಗುವಾಗ ಗಮನ ಕೊಡಿ. ಗೋಡೆ ಹುಡುಕುತ್ತಾರಾ? ಸಣ್ಣ ಸಣ್ಣ ಹೆಜ್ಜೆ ಇಡುತ್ತಾರಾ?

ನಿಲ್ಲುವ ಪರೀಕ್ಷೆ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗುವಂತೆ, ಒಂದೇ ಗೆರೆಯ ಮೇಲೆ ನಿಲ್ಲಬೇಕು. 10 ಸೆಕೆಂಡ್ ನಿಲ್ಲಲು ಆಗದಿದ್ದರೆ ಸಮತೋಲನ ಕಮ್ಮಿಯಾಗಿದೆ.

ಬಿಪಿ ಪರೀಕ್ಷೆ. ಐದು ನಿಮಿಷ ಮಲಗಿಸಿ ಬಿಪಿ ನೋಡಿ. ನಿಲ್ಲಿಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ, ಎದ್ದ ಕೂಡಲೇ ಕಣ್ಣು ಕತ್ತಲೆ ಬರೋದಕ್ಕೆ ಕಾರಣ ಸಿಕ್ಕಿತು ಅಂತ. ಮನೆಯಲ್ಲಿ ಯಂತ್ರ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಕೇಳಿ.

ಹೆಜ್ಜೆ 3: ಮಾತ್ರೆ ಡಬ್ಬ ಸುರಿಯಿರಿ

ಅವ್ವನ ಹಾರ್ಲಿಕ್ಸ್ ಡಬ್ಬದಲ್ಲಿ ಹನ್ನೊಂದು ಬಗೆಯ ಮಾತ್ರೆ ಇದ್ದವು. ಮೂವರು ಡಾಕ್ಟರು ಬರೆದವು ಎಂಟು, ಒಂದು ಮೆಡಿಕಲ್ ಶಾಪಿನವನು ಕೊಟ್ಟದ್ದು, ಎರಡು ಪಕ್ಕದ ಮನೆಯ ಅಕ್ಕ ಕೊಟ್ಟವು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. "ಇದರಲ್ಲಿ ಯಾವುದು ತೂರಾಡಿಸುತ್ತೆ?" ಅಂತ ನೇರ ಕೇಳಿ. ಮುಖ್ಯವಾಗಿ ನಿದ್ದೆ ಮಾತ್ರೆ, ಬಿಪಿ ಮಾತ್ರೆ, ನೀರು ಹೋಗಲು ಕೊಡುವ ಮಾತ್ರೆ, ಗಂಡಸರ ಪ್ರಾಸ್ಟೇಟ್ ಮಾತ್ರೆ, ಖಿನ್ನತೆಗೆ ಕೊಡುವವು, ನೆಗಡಿಗೆ ತಗೊಂಡರೆ ಮಂಪರು ಬರುವವು, ಸಕ್ಕರೆ ತೀರಾ ಇಳಿಸುವವು. ನೀವೇ ಯಾವುದನ್ನೂ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನಂತೂ ದಿಢೀರನೆ ಬಿಡಬಾರದು. ಕೆಲವು ಸಲ ಮಾತ್ರೆಯ ಹೊತ್ತು ಬದಲಿಸಿದರೇ ಸಾಕಾಗುತ್ತದೆ. ಅವ್ವನ ನೀರಿನ ಮಾತ್ರೆಯನ್ನು ಡಾಕ್ಟರ್ ಸಂಜೆಯಿಂದ ಬೆಳಿಗ್ಗೆಗೆ ಹಾಕಿದರು. ರಾತ್ರಿ ನಾಲ್ಕು ಸಲ ಏಳೋದು ಒಂದಕ್ಕೆ ಇಳಿಯಿತು. ಅಂದರೆ ಕತ್ತಲೆಯಲ್ಲಿ ಬಚ್ಚಲಿಗೆ ಹೋಗುವ ಮೂರು ಓಡಾಟ ಉಳಿಯಿತು.

ಕಣ್ಣನ್ನೂ ಇದೇ ಓಡಾಟದಲ್ಲಿ ತೋರಿಸಿ. ಪೊರೆ ಬಂದಿದ್ದರೆ ತೆಗೆಸಿ, ಮುಂದೂಡಬೇಡಿ. ಓದಲು, ದೂರ ನೋಡಲು ಒಂದೇ ಗಾಜಿರುವ ಕನ್ನಡಕ ಮೆಟ್ಟಿಲಿಳಿಯುವಾಗ ಮೋಸ ಮಾಡುತ್ತದೆ. ಕೆಳಗೆ ನೋಡಿದಾಗ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಹೊರಗೆ ಓಡಾಡಲು ದೂರದ್ದು ಮಾತ್ರ ಇರುವ ಬೇರೆ ಕನ್ನಡಕ ಒಳ್ಳೆಯದು.

ಹೆಜ್ಜೆ 4: ಒಂದು ದಿನ ಅವರ ಹಿಂದೆಯೇ ನಡೆಯಿರಿ

ಪಟ್ಟಿ ಹಿಡಿದು ಮನೆ ಪರೀಕ್ಷೆ ಮಾಡೋದಕ್ಕಿಂತ ಇದು ಮೇಲು. ಅವರು ಏಳುವ ಹೊತ್ತಿನಿಂದ ಮಲಗುವವರೆಗೆ ಹಿಂದೆಯೇ ಇರಿ. ಎಲ್ಲಿ ಕೈ ಏನನ್ನೋ ಹಿಡಿಯಲು ಹೋಗುತ್ತದೆ, ಅದನ್ನು ಬರೆದುಕೊಳ್ಳಿ. ಅವ್ವ ಬಚ್ಚಲಲ್ಲಿ ಟವೆಲ್ ಹಾಕುವ ರಾಡ್ ಹಿಡಿಯುತ್ತಿದ್ದಳು. ನಾನು ಜೋರಾಗಿ ಎಳೆದು ನೋಡಿದೆ. ಸ್ಕ್ರೂ ಸಮೇತ ಕೈಗೆ ಬಂತು.

*ಹಾಸಿಗೆ.* ಮಂಚದ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಊರಬೇಕು, ಮಂಡಿ ಸೊಂಟಕ್ಕಿಂತ ಮೇಲಿರಬಾರದು. ನೆಲದ ಮೇಲೆ ಚಾಪೆಯಲ್ಲಿ ಮಲಗುವ ಅಭ್ಯಾಸ ಇದ್ದರೆ ನಯವಾಗಿ ಬಿಡಿಸಿ. ಎಚ್ಚರವಾದ ಕೂಡಲೇ ಎದ್ದು ನಿಲ್ಲಬಾರದು. ಕೂತು, ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋದರೆ ಎರಡು ದಿನ ಬರದಿರೋದೂ ಉಂಟು. ಆದ್ದರಿಂದ ಬೆಡ್ ಲ್ಯಾಂಪ್ ಒಂದನ್ನೇ ನಂಬಬೇಡಿ. ಚಾರ್ಜ್ ಆಗುವ, ಯಾರಾದರೂ ಓಡಾಡಿದರೆ ತಾನೇ ಹೊತ್ತಿಕೊಳ್ಳುವ ಸಣ್ಣ ದೀಪ ಹಾದಿಯಲ್ಲಿ ಎರಡು ಕಡೆ ಹಾಕಿ. ಟಾರ್ಚಿಗೆ ದಾರ ಕಟ್ಟಿ ಮಂಚಕ್ಕೆ ನೇತುಹಾಕಿ. ದಿಂಬಿನ ಕೆಳಗೆ ಇಟ್ಟ ಟಾರ್ಚ್ ಬೇಕಾದಾಗ ಸಿಗೋದಿಲ್ಲ. ಕಕ್ಕಸು ಮನೆಯಿಂದ ಹೊರಗಿದ್ದರೆ ರಾತ್ರಿಗೆ ಕಮೋಡ್ ಕುರ್ಚಿ ಅಥವಾ ಗಂಡಸರಿಗೆ ಯೂರಿನ್ ಬಾಟಲಿ ಇಡಿ. ನಾಚಿಕೆ ಎರಡು ದಿನ ಇರುತ್ತದೆ, ಆಮೇಲೆ ಅವರೇ ಕೇಳುತ್ತಾರೆ.

*ಬಚ್ಚಲು.* ಹಣ ಕಮ್ಮಿ ಇದ್ದರೆ ಎಲ್ಲವನ್ನೂ ಬಿಟ್ಟು ಇಲ್ಲಿಗೇ ಖರ್ಚು ಮಾಡಿ ಅಂತ ನನ್ನ ಅಭಿಪ್ರಾಯ. ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಕಮೋಡ್ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು, ಬಾಗಿಲ ಒಳಗೆ ಒಂದು. ಹಿಡಿ ತುಂಬಾ ಸಿಗುವಷ್ಟು ದಪ್ಪ ಇರಲಿ, ಸುಮಾರು 32ರಿಂದ 38 ಮಿಲಿಮೀಟರ್. ಎತ್ತರವನ್ನು ಗಾರೆಯವನಿಗೆ ಬಿಡಬೇಡಿ. ಹಿರಿಯರನ್ನೇ ಕೂರಿಸಿ, ಏಳುವಾಗ ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಹಳೇ ಮಣ್ಣಿನ ಗೋಡೆಯಾದರೆ ಸ್ಕ್ರೂ ನಿಲ್ಲೋದಿಲ್ಲ. ನಮ್ಮಲ್ಲಿ ನೆಲದಿಂದ ಕಬ್ಬಿಣದ ಪೈಪ್ ಎಬ್ಬಿಸಿ ಕಾಂಕ್ರೀಟ್ ಹಾಕಿಸಿದೆವು. ಹಾಕಿದ ಮೇಲೆ ನಿಮ್ಮ ಪೂರ್ತಿ ಭಾರ ಬಿಟ್ಟು ಜೋತು ನೋಡಿ.

ಕುಕ್ಕರಗಾಲಲ್ಲಿ ಕೂರುವ ಕಕ್ಕಸಿದ್ದರೆ ಅದರ ಮೇಲೆ ಇಡುವ ಕುರ್ಚಿ ಸಿಗುತ್ತದೆ. ನಾಲ್ಕು ಕಾಲಿಗೂ ರಬ್ಬರ್ ಬುಶ್ ಇದೆಯಾ ನೋಡಿ ಕೊಳ್ಳಿ. ಸ್ನಾನಕ್ಕೆ ಮಣೆ ಬೇಡ, ಎತ್ತರದ ಪ್ಲಾಸ್ಟಿಕ್ ಸ್ಟೂಲ್ ಇರಲಿ, ಅದಕ್ಕೆ ತೂತಿದ್ದರೆ ನೀರು ನಿಲ್ಲೋದಿಲ್ಲ. ಹಂಡೆಯಿಂದ ಬಗ್ಗಿ ನೀರು ಮೊಗೆಯುವುದನ್ನು ತಪ್ಪಿಸಿ. ಬಕೆಟ್ ಅನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟರೆ ಬಗ್ಗೋದೇ ಬೇಡ. ಚಿಲಕ ಒಳಗಿಂದ ಹಾಕದಿರಲಿ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಇನ್ನೂ ಒಳ್ಳೆಯದು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡ ಬಂದರೆ ತೆಗೆಯೋದು ಹೇಗೆ?

ಎಣ್ಣೆ ಸ್ನಾನದ ಬಗ್ಗೆ ಒಂದು ಮಾತು. ದೀಪಾವಳಿಗೆ ನೀರು ತುಂಬಿ, ಬೆಳಗಿನ ಜಾವ ಮೈಗೆಲ್ಲ ಎಣ್ಣೆ ಹಚ್ಚಿ, ಹೊಗೆ ತುಂಬಿದ ಬಚ್ಚಲಲ್ಲಿ ಸ್ನಾನ. ಅಪಾಯದ ಮೂರೂ ಕಾರಣ ಒಂದೇ ಜಾಗದಲ್ಲಿ. ಬೇಡ ಅನ್ನೋಕೆ ನನಗೂ ಮನಸ್ಸಿಲ್ಲ. ಪಾದಕ್ಕೆ ಎಣ್ಣೆ ಹಚ್ಚಬೇಡಿ, ಸ್ಟೂಲಿನ ಮೇಲೆ ಕೂರಿಸಿಯೇ ಹಚ್ಚಿ, ಮೊದಲು ಅವರ ಸ್ನಾನ ಮುಗಿಯಲಿ. ನಾಲ್ಕು ಜನ ಮಿಂದು ಎಣ್ಣೆ ಜಿಡ್ಡಾದ ನೆಲಕ್ಕೆ ಅವರನ್ನು ಕೊನೆಗೆ ಕಳಿಸಬೇಡಿ.

*ಹೊಸ್ತಿಲು, ನೆಲ.* ಹಳೇ ಮನೆಗಳ ಹೊಸ್ತಿಲು ಎತ್ತರ, ಮೇಲಿಂದ ಅರಿಶಿನ ಕುಂಕುಮ. ಕೀಳಿಸೋದು ಬೇಡ. ಎರಡೂ ಕಡೆ ಇಳಿಜಾರು ಹಲಗೆ ಹೊಡೆಸಬಹುದು, ಇಲ್ಲವೇ ಚೌಕಟ್ಟಿಗೆ ಹಿಡಿಕೆ ಹಾಕಿಸಿ. ಹೊಸ್ತಿಲ ಅಂಚಿಗೆ ಎದ್ದು ಕಾಣುವ ಹಳದಿ ಪಟ್ಟಿ ಬಳಿಯಿರಿ. ಮಬ್ಬುಗಣ್ಣಿಗೆ ಕೆಂಪು ನೆಲದಲ್ಲಿ ಕೆಂಪು ಹೊಸ್ತಿಲು ಕಾಣೋದಿಲ್ಲ. ಜೂನ್ ಬಂದರೆ ನಮ್ಮ ರೆಡ್ ಆಕ್ಸೈಡ್ ನೆಲ ಬೆವರುತ್ತದೆ. ಬಾಗಿಲಲ್ಲಿ ಹಾಕುವ ಗೋಣಿಚೀಲ, ಹಳೇ ಸೀರೆಯ ಕಾಲೊರೆಸು ಇವು ಜಾರುವ ಚಕ್ಕಡಿ ಇದ್ದ ಹಾಗೆ. ತೆಗೆದುಹಾಕಿ, ತಳಕ್ಕೆ ರಬ್ಬರ್ ಇರುವ ಮ್ಯಾಟ್ ತನ್ನಿ. ಫೋನ್ ಚಾರ್ಜರ್ ವೈರ್, ಮೊಮ್ಮಕ್ಕಳ ಆಟಿಕೆ ಬಗ್ಗೆ ಹೇಳಬೇಕಾಗಿಲ್ಲ.

*ಅಂಗಳ.* ಕಡೂರು, ಅರಸೀಕೆರೆ ಕಡೆಯವರಿಗೆ ಈ ತೊಂದರೆ ಅಷ್ಟಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದವರಿಗೆ ಪಾಚಿಯೇ ದೊಡ್ಡ ಶತ್ರು. ಮಳೆ ಹಿಡಿಯುವ ಮುಂಚೆ, ಮೇ ಕೊನೆಗೆ, ಬ್ಲೀಚಿಂಗ್ ಪೌಡರ್ ಹಾಕಿ ಗಡುಸು ಬ್ರಷ್‌ನಲ್ಲಿ ಉಜ್ಜಿಸಿ. ಆಗಸ್ಟಿನಲ್ಲಿ ಇನ್ನೊಂದು ಸಲ. ಇಡೀ ಅಂಗಳ ಆಗದಿದ್ದರೆ ಅವರು ನಡೆಯುವ ಒಂದು ಹಾದಿ ಸಾಕು. ಜಗಲಿಯಿಂದ ತುಳಸಿಕಟ್ಟೆಗೆ, ಅಲ್ಲಿಂದ ಕೊಟ್ಟಿಗೆಗೆ. ಅಡಿಕೆ ದಬ್ಬೆ ಹಾಸೋದು ನಮ್ಮ ಹಳೇ ಪದ್ಧತಿ. ಒಳ್ಳೆಯದೇ, ಆದರೆ ಹಳತಾದ ದಬ್ಬೆಯೇ ಪಾಚಿಗಿಂತ ಜಾರುತ್ತದೆ, ಉರುಳುತ್ತದೆ. ಹೊಸದನ್ನು ಅಡ್ಡಡ್ಡ ಮೊಳೆ ಹೊಡೆದು ಹಾಸಿ. ನಾವು ಕೊನೆಗೆ ಒರಟು ಕಾಂಕ್ರೀಟಿನ ಎರಡಡಿ ಅಗಲದ ದಾರಿ ಮಾಡಿಸಿ, ಒಂದು ಪಕ್ಕಕ್ಕೆ ಪೈಪ್ ಕಟಕಟೆ ಹಾಕಿಸಿದೆವು. ತೋಟದ ಸಂಕದ (ಕಾಲುಸೇತುವೆ) ಮೇಲೆ ಮಳೆಗಾಲದಲ್ಲಿ ಹಿರಿಯರು ಹೋಗಲೇಬಾರದು. ಈ ವಿಷಯಕ್ಕೆ ಮನೆಯಲ್ಲಿ ಜಗಳ ಆದರೂ ಪರವಾಗಿಲ್ಲ.

ಮೆಟ್ಟಿಲಿಗೆ ಎರಡೂ ಕಡೆ ಹಿಡಿಕೆ, ಪ್ರತಿ ಅಂಚಿಗೆ ಹಳದಿ ಬಣ್ಣ, ಮೇಲೂ ಕೆಳಗೂ ಸ್ವಿಚ್. ಅಟ್ಟದ ಏಣಿಯನ್ನು ಅವರ ಕೈಗೆ ಸಿಗದ ಹಾಗೆ ಇಡಿ. ದಿನಾ ಬೇಕಾಗುವ ಪಾತ್ರೆ, ಡಬ್ಬಗಳನ್ನು ಸೊಂಟದಿಂದ ಭುಜದೊಳಗಿನ ಎತ್ತರಕ್ಕೆ ತನ್ನಿ.

ಹೆಜ್ಜೆ 5: ಚಪ್ಪಲಿ, ಊರುಗೋಲು

ಸವೆದ ಹವಾಯಿ ಚಪ್ಪಲಿಯನ್ನು ಇವತ್ತೇ ಒಲೆಗೆ ಹಾಕಿ. ಹಿಂದೆ ಪಟ್ಟಿ ಇರುವ, ಅಡಿಗೆ ಗೀರು ಇರುವ, ತೆಳು ಗಟ್ಟಿ ತಳದ ಚಪ್ಪಲಿ ಬೇಕು. ಮೆತ್ತಗಿನ ದಪ್ಪ ಸ್ಪಂಜಿನದು ಕಾಲಿಗೆ ಹಿತ, ನೆಲ ಮಾತ್ರ ಗೊತ್ತಾಗೋದಿಲ್ಲ. ಚಳಿಗೆ ಬರೀ ಕಾಲುಚೀಲ ಹಾಕಿ ನಯ ನೆಲದಲ್ಲಿ ಓಡಾಡಬಾರದು. ಸೀರೆ, ಪಂಚೆ, ನೈಟಿ ಕಣಕಾಲಿಗಿಂತ ಮೇಲಿರಲಿ.

ಊರುಗೋಲಿನ ಅಳತೆ ಹೀಗೆ. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಕೋಲಿನ ತಲೆ ಬರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಎಲ್ಲರೂ ಇದನ್ನು ತಪ್ಪಾಗಿಯೇ ಹಿಡಿಯುತ್ತಾರೆ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ತುದಿಯ ರಬ್ಬರ್ ಸವೆದರೆ ಬದಲಿಸಿ. ಬಿಪಿಎಲ್ ಕುಟುಂಬದ ಹಿರಿಯರಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ವಾಕರ್, ಕನ್ನಡಕ ಉಚಿತ. ಕ್ಯಾಂಪ್ ಯಾವಾಗ ಅಂತ ಹಿರಿಯರ ಸಹಾಯವಾಣಿ 14567ಕ್ಕೆ ಕೇಳಬಹುದು.

ಹೆಜ್ಜೆ 6: ಕಾಲಿಗೆ ಬಲ ಬರಿಸಿ

ಬೀಳ್ತಾರೆ ಅಂತ ಕೂರಿಸಿಬಿಡೋದು ನಾವು ಮಾಡುವ ದೊಡ್ಡ ತಪ್ಪು. ಕೂತಷ್ಟೂ ಕಾಲು ಸೊರಗುತ್ತದೆ, ಕಾಲು ಸೊರಗಿದಷ್ಟೂ ಬೀಳುತ್ತಾರೆ. ಬರೀ ವಾಕಿಂಗ್ ಕೂಡ ಸಾಲದು. ತೊಡೆಗೆ ಬಲ, ಮೈಗೆ ಸಮತೋಲನ, ಎರಡೂ ಬೇಕು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಇದಕ್ಕೆಂದೇ ಮನೆಯಲ್ಲಿ ಮಾಡುವ ವ್ಯಾಯಾಮಗಳನ್ನು ಜೋಡಿಸಿದರು. ಮಾಡಿದವರಲ್ಲಿ ಬೀಳೋದು ಸುಮಾರು ಮೂರನೇ ಒಂದರಷ್ಟು ಕಮ್ಮಿಯಾಯಿತು. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ಮಿಕ್ಕ ದಿನ ನಡಿಗೆ.

ಅಡುಗೆಮನೆ ಕಟ್ಟೆಯೇ ನಮ್ಮ ಜಿಮ್. ಕೈ ಕಟ್ಟೆಯ ಮೇಲೆ, ಹಿಂದೆ ಒಂದು ಗಟ್ಟಿ ಕುರ್ಚಿ.

1. ಕುರ್ಚಿಯಿಂದ ಎದ್ದು ಕೂರುವುದು. ಹತ್ತು ಸಲ, ಎರಡು ಸುತ್ತು. ಮೊದಲ ವಾರ ಕೈ ಊರಿ, ಆಮೇಲೆ ಒಂದೇ ಕೈ, ಕೊನೆಗೆ ಕೈ ಇಲ್ಲದೆ. ಕೂರುವಾಗ ಧೊಪ್ಪನೆ ಬೀಳದೆ ನಿಧಾನ ಇಳಿಯಬೇಕು. ಬಲ ಬರೋದು ಆ ಇಳಿಯುವಾಗಲೇ.
2. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಆಮೇಲೆ ಬೆರಳೆತ್ತಿ ಹಿಮ್ಮಡಿ ಮೇಲೆ ನಿಲ್ಲುವುದು. ಹತ್ತು ಹತ್ತು ಸಲ.
3. ಕಾಲನ್ನು ಪಕ್ಕಕ್ಕೆ ಎತ್ತುವುದು. ಸೊಂಟ ಮುರಿಯೋದು ಜಾಸ್ತಿ ಪಕ್ಕಕ್ಕೆ ಬಿದ್ದಾಗ, ಆದ್ದರಿಂದ ಪಕ್ಕೆಯ ಸ್ನಾಯುವಿಗೆ ಬಲ ಬೇಕು. ಸುಲಭವಾದ ಮೇಲೆ ಅರ್ಧ ಕಿಲೋ ಮರಳಿನ ಚೀಲ ಕಣಕಾಲಿಗೆ ಕಟ್ಟಿ.
4. ಕಟ್ಟೆ ಹಿಡಿದು ಏಡಿಯ ಹಾಗೆ ಅಡ್ಡಡ್ಡ ನಡೆಯುವುದು.
5. ಹಿಮ್ಮಡಿಗೆ ಬೆರಳು ತಾಗಿಸಿ ನಿಲ್ಲುವುದು, ಅದು ಬಂದ ಮೇಲೆ ಹಾಗೆಯೇ ನಡೆಯುವುದು. ಕೊನೆಗೆ ಒಂಟಿಕಾಲು.

ಅವ್ವ ಮೊದಲ ದಿನ "ಇದೇನು ಸ್ಕೂಲ್ ಮಕ್ಕಳ ಡ್ರಿಲ್ಲಾ" ಅಂತ ನಕ್ಕಳು. ಈಗ ಹಾಲು ಉಕ್ಕುವವರೆಗೆ ತುದಿಗಾಲು, ಕುಕ್ಕರ್ ಮೂರು ಕೂಗುವವರೆಗೆ ಒಂಟಿಕಾಲು.

ಮೂಳೆ ಸವೆದವರು ಬೆನ್ನು ಬಗ್ಗಿಸಿ ನೆಲ ಮುಟ್ಟುವ ಆಸನ ಮಾಡಬಾರದು. ಪಾದಹಸ್ತಾಸನ, ಪಶ್ಚಿಮೋತ್ತಾನಾಸನ ಬೇಡ. ಸೊಂಟ ತಿರುಚಿ ಭಾರ ಎತ್ತೋದು ಬೇಡ. ಕಸ ಗುಡಿಸಲು ಉದ್ದ ಹಿಡಿಯ ಪೊರಕೆ ಕೊಡಿ. ಈಗಾಗಲೇ ಮೂಳೆ ಮುರಿದಿದ್ದರೆ ಫಿಸಿಯೋಥೆರಪಿಸ್ಟ್‌ರನ್ನು ಕೇಳದೆ ಏನನ್ನೂ ಶುರು ಮಾಡಬೇಡಿ.

ಹೆಜ್ಜೆ 7: ತಟ್ಟೆ, ಬಿಸಿಲು

ನಮ್ಮ ಜಿಲ್ಲೆಗಳಲ್ಲೇ ಎರಡು ಊಟ ಇದೆ. ಬಯಲು ಕಡೆ ರಾಗಿಮುದ್ದೆ, ಮಲೆನಾಡು ಕಡೆ ಅನ್ನ, ಅಕ್ಕಿರೊಟ್ಟಿ, ಕಡುಬು. ಮೂಳೆಯ ಲೆಕ್ಕದಲ್ಲಿ ಬಯಲಿನವರೇ ಗೆದ್ದರು. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ವಯಸ್ಸಾದವರಿಗೆ ದಿನಕ್ಕೆ ಬೇಕಾದದ್ದು 1,000ದಿಂದ 1,200.

ಅನ್ನ ಬಿಡಿಸೋಕೆ ಆಗೋದಿಲ್ಲ, ಗೊತ್ತು. ಒಂದು ಹೊತ್ತು ರಾಗಿ ಸೇರಿಸಿ. ಮುದ್ದೆಯೋ, ರೊಟ್ಟಿಯೋ, ಅಂಬಲಿಯೋ. ಹಾಲು, ಗಟ್ಟಿ ಮೊಸರು ಸೇರಿ ದಿನಕ್ಕೆ ಎರಡು ಲೋಟ, ಒಂದು ಲೋಟಕ್ಕೆ ಸುಮಾರು 240 ಸಿಗುತ್ತದೆ. ನೀರು ಮಜ್ಜಿಗೆ ಲೆಕ್ಕಕ್ಕಿಲ್ಲ. ಒಂದು ದೊಡ್ಡ ಚಮಚ ಎಳ್ಳಿನ ಪುಡಿ ಚಟ್ನಿಗೆ ಹಾಕಿದರೆ ಇನ್ನೊಂದು 100. ನುಗ್ಗೆಸೊಪ್ಪು, ಹುರುಳಿ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಎಲ್ಲ ಒಳ್ಳೆಯವೇ. ಜೊತೆಗೆ ಮೊಟ್ಟೆ, ಬೇಳೆ, ಕಾಳು. 50 ಕಿಲೋ ತೂಕದವರಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನ್ ಬೇಕು, ಒಂದು ಮೊಟ್ಟೆಯಲ್ಲಿರೋದು ಬರೀ 6. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೆಚ್ಚಿಸಿ.

ಊಟದಲ್ಲಿ ಸಾಲದ್ದಕ್ಕೆ ಮಾತ್ರ ಮಾತ್ರೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆಗೆ ನುಂಗಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ.

ಬಿಸಿಲು ಅಂದರೆ ವಿಟಮಿನ್ ಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಸೂರ್ಯ ನೆಂಟರ ಹಾಗೆ, ಬಂದಾಗ ಬಂದ. ಉಳಿದ ತಿಂಗಳಲ್ಲಿ ಬೆಳಿಗ್ಗೆ ಹತ್ತರ ಮೇಲೆ ಅರ್ಧ ಗಂಟೆ, ಕೈ ಕಾಲು ಮುಖಕ್ಕೆ ನೇರ ಬಿಸಿಲು ಬೀಳಲಿ. ಕಿಟಕಿ ಗಾಜಿನ ಹಿಂದೆ ಕೂತರೆ ಬೆಚ್ಚಗಾಗುತ್ತದೆ ಅಷ್ಟೇ. ಡಾಕ್ಟರ್ ಬರೆಯುವ 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲ್ ಸಾಮಾನ್ಯವಾಗಿ ವಾರಕ್ಕೊಂದು. ದಿನಕ್ಕೊಂದು ಅಂತ ತಪ್ಪು ತಿಳಿದು ನುಂಗಿ ಆಸ್ಪತ್ರೆ ಸೇರಿದವರಿದ್ದಾರೆ. ಜಾಸ್ತಿ ತಗೊಂಡರೆ ಜಾಸ್ತಿ ಗಟ್ಟಿ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. 2010ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಒಟ್ಟಿಗೆ 5 ಲಕ್ಷ ಯೂನಿಟ್ ಕೊಟ್ಟಿದ್ದರು. ಅವರು ಮಿಕ್ಕವರಿಗಿಂತ ಜಾಸ್ತಿ ಬಿದ್ದರು, ಮೂಳೆಯೂ ಜಾಸ್ತಿ ಮುರಿದುಕೊಂಡರು.

ಹೆಜ್ಜೆ 8: ಮೂಳೆಯ ಔಷಧಿ

ಆಸ್ಟಿಯೊಪೊರೋಸಿಸ್ ಖಚಿತವಾದರೆ ಕ್ಯಾಲ್ಸಿಯಂ ಒಂದೇ ಸಾಲದು. ಸಾಮಾನ್ಯವಾಗಿ ಕೊಡೋದು ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ. ಇದಕ್ಕೆ ನಿಯಮ ಕಟ್ಟುನಿಟ್ಟು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ತಿನ್ನುವಂತಿಲ್ಲ, ಕಾಫಿ ಕುಡಿಯುವಂತಿಲ್ಲ. ಮಲಗಿದರೆ ಮಾತ್ರೆ ಅನ್ನನಾಳ ಸುಡುತ್ತದೆ. ಕಾಫಿ ಕುಡಿದರೆ ಮಾತ್ರೆ ಮೈಗೆ ಹತ್ತುವುದೇ ಇಲ್ಲ. ಕಾಫಿ ತೋಟದ ಮನೆಯಲ್ಲಿ ಎದ್ದು ಅರ್ಧ ಗಂಟೆ ಕಾಫಿ ಇಲ್ಲ ಅಂದರೆ! ಅವ್ವ ಭಾನುವಾರ ಗಡಿಯಾರದ ಎದುರೇ ಕೂರುತ್ತಾಳೆ. ಮೂವತ್ತನೇ ನಿಮಿಷಕ್ಕೆ ಲೋಟ ಕೈಯಲ್ಲಿರಬೇಕು.

ಮಾತ್ರೆ ಆಗದವರಿಗೆ ವರ್ಷಕ್ಕೊಮ್ಮೆ ನರಕ್ಕೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇದೆ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮಾಬ್ ಇಂಜೆಕ್ಷನ್ ಇದೆ. ಡೆನೊಸುಮಾಬ್ ಶುರು ಮಾಡಿದರೆ ತಾರೀಖು ತಪ್ಪಿಸಬೇಡಿ. ತಪ್ಪಿಸಿದರೆ ಬೆನ್ನುಮೂಳೆ ಸಾಲಾಗಿ ಕುಸಿಯಬಹುದು. ಯಾವುದನ್ನೇ ಶುರು ಮಾಡುವ ಮುಂಚೆ ಹಲ್ಲು ಕೀಳಿಸುವ ಕೆಲಸ ಇದ್ದರೆ ಮುಗಿಸಿಕೊಳ್ಳಿ.

ಹೆಜ್ಜೆ 9: ಬಿದ್ದರೆ ಏನು ಮಾಡಬೇಕು

ಓಡಿ ಹೋಗಿ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಮೊದಲು ಕೇಳಿ, ನೋಡಿ. ಒಂದು ಕಾಲು ಗಿಡ್ಡ ಕಾಣುತ್ತಿದೆಯಾ, ಪಾದ ಹೊರಕ್ಕೆ ತಿರುಗಿದೆಯಾ, ತೊಡೆಸಂದಿಯಲ್ಲಿ ನೋವಾ? ಹಾಗಿದ್ದರೆ ಸೊಂಟ ಮುರಿದಿದೆ ಅಂತಲೇ ತಿಳಿಯಿರಿ. ನಿಲ್ಲಿಸಬೇಡಿ, ಕಾಲು ಎಳೆಯಬೇಡಿ, ಎಣ್ಣೆ ತಿಕ್ಕಬೇಡಿ. ಆಪರೇಷನ್ ಆಗಬಹುದು, ಆದ್ದರಿಂದ ಕಾಫಿ, ತಿಂಡಿ ಏನೂ ಕೊಡಬೇಡಿ. ಕಂಬಳಿ ಹೊದಿಸಿ, ಎರಡು ಕಾಲಿನ ನಡುವೆ ದಿಂಬಿಡಿ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ತೋಟದೊಳಗೆ ಬರದಿದ್ದರೆ ಬಾಗಿಲ ಹಲಗೆಯೋ ಬೆಂಚೋ ತಂದು ನಾಲ್ವರು ಸೇರಿ ರಸ್ತೆಗೆ ಸಾಗಿಸಿ.

ಸೊಂಟಕ್ಕೆ ನಾಟಿ ಕಟ್ಟು ಕಟ್ಟಿಸಿ ಮಲಗಿಸುವುದು ಬೇಡವೇ ಬೇಡ. ಈ ಮೂಳೆಗೆ ಆಪರೇಷನ್ನೇ ದಾರಿ, ಅದೂ ಒಂದೆರಡು ದಿನದೊಳಗೆ ಆದರೆ ಒಳ್ಳೆಯದು. ಹಾಸಿಗೆ ಹಿಡಿದಷ್ಟೂ ನ್ಯುಮೋನಿಯಾ, ಬೆನ್ನು ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು ಒಂದೊಂದೇ ಬರುತ್ತವೆ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ತಲೆ ತಗುಲಿ ಬಿದ್ದರೆ, ಚೆನ್ನಾಗಿಯೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ತೋರಿಸಿ.

ಎಲ್ಲೂ ನೋವಿಲ್ಲದಿದ್ದರೆ ಅವರೇ ಏಳಲಿ. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬರಬೇಕು. ನೀವು ಗಟ್ಟಿ ಕುರ್ಚಿ ಮುಂದಿಡಿ. ಕುರ್ಚಿಯ ಮೇಲೆ ಎರಡೂ ಕೈ, ಬಲ ಇರುವ ಕಾಲಿನ ಪಾದ ಮುಂದೆ, ಒತ್ತಿ ಎದ್ದು, ತಿರುಗಿ ಕೂರಬೇಕು. ಮೂಳೆ ಮುರಿಯದವರು ಇದನ್ನು ಹಾಸಿಗೆಯ ಮೇಲೆ ಒಮ್ಮೆ ಅಭ್ಯಾಸ ಮಾಡಿಟ್ಟುಕೊಳ್ಳಿ. ಒಬ್ಬರೇ ಇರುವವರು ಫೋನನ್ನು ಕೊರಳ ಚೀಲದಲ್ಲಿ ಹಾಕಿಕೊಳ್ಳಲಿ. ಮೇಜಿನ ಮೇಲಿರುವ ಫೋನ್ ನೆಲದಲ್ಲಿ ಬಿದ್ದವರಿಗೆ ಸಿಗುವುದಿಲ್ಲ.

ಬಿದ್ದದ್ದನ್ನು, ಬೀಳುವಂತಾಗಿ ತಪ್ಪಿದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತಾರೀಖು, ಹೊತ್ತು, ಜಾಗ. ಡಾಕ್ಟರ್ ಹತ್ತಿರ ಹೋಗುವಾಗ ಫೋಟೋ ತೆಗೆದುಕೊಂಡು ಹೋಗಿ. ಬೈಯಬೇಡಿ, ಬೈದರೆ ಮುಂದಿನ ಸಲ ಹೇಳೋದಿಲ್ಲ. ಅವ್ವನ ಕ್ಯಾಲೆಂಡರಿನಲ್ಲಿ ಈ ವರ್ಷ ಎರಡು ಗುರುತಿವೆ. ಎರಡೂ ಅಡುಗೆಮನೆಯಲ್ಲಿ, ಎರಡೂ ಸಂಜೆ ಹಾಲು ಕಾಯಿಸುವ ಹೊತ್ತಿಗೆ. ಕಾಲಿಗೆ ಅಡ್ಡ ಬಂದದ್ದು ಬೆಕ್ಕು. ಈಗ ಹಾಲಿಗೆ ಮುಂಚೆ ಬೆಕ್ಕಿನ ತಟ್ಟೆ ಜಗಲಿಗೆ ಹೋಗುತ್ತದೆ.